ನಾಲ್ಕು ಭಾಷೆಯ ಸೀಮೆಯಲ್ಲಿ ಹೆಣ್ಣುಮಗುವಿಗೆ ಹೆಸರು: ಕೋಲಾರದ ಕಡೆಯವರಿಗೆ ಒಂದು ಕೈಪಿಡಿ

'ಸಿರಿ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎರಡೇ ಅಕ್ಷರ, ಒತ್ತಕ್ಷರವಿಲ್ಲ, ಕೂಗುವುದಕ್ಕೆ ಸಲೀಸು. ಕನ್ನಡದಲ್ಲಿ ಸಂಪತ್ತು, ತೆಲುಗಿನಲ್ಲೂ ಅದೇ ಅರ್ಥ. ಮುಳಬಾಗಿಲಿನ ತೆಲುಗು ಮನೆಯ ಅಜ್ಜಿಗೂ ಒಪ್ಪಿಗೆ, ಕೋಲಾರದ ಕನ್ನಡ ಮೇಷ್ಟರಿಗೂ ಒಪ್ಪಿಗೆ. ಅದನ್ನೇ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕೂಗಿದರೆ ತಮಿಳು ಕಿವಿಗೆ 'ನಗು' ಎಂದು ಹೇಳಿದಂತೆ ಕೇಳಿಸುತ್ತದೆ. ಉರ್ದು ಮಾತಾಡುವ ಮನೆಯಲ್ಲಿ ಸಿರಿ ಎಂದರೆ ಕುರಿಯ ತಲೆ, ಸಿರಿ-ಪಾಯ ಅನ್ನುತ್ತಾರಲ್ಲ, ಆ ಸಿರಿ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಅದು ಆಪಲ್ ಫೋನಿನೊಳಗಿಂದ ಉತ್ತರ ಕೊಡುವ ದನಿ.

ಇಷ್ಟಕ್ಕೆ ಸಿರಿ ಕೆಟ್ಟ ಹೆಸರಾಗಿಬಿಡುವುದಿಲ್ಲ. ತಮಿಳಿನ ನಗು ಚೆಂದವೇ. ಆದರೆ ಪಕ್ಕದ ಮನೆಯವರು ಉರ್ದು ಮಾತಾಡುವವರಾದರೆ ಮಗಳು ಆರನೇ ವಯಸ್ಸಿಗೆ ಯಾವ ಮಾತು ಕೇಳಬೇಕಾಗುತ್ತದೆ ಎಂಬುದು ತೊಟ್ಟಿಲಿಗೆ ಹಾಕುವ ಮೊದಲೇ ಅಪ್ಪ ಅಮ್ಮನಿಗೆ ಗೊತ್ತಿರಬೇಕು. ಗೊತ್ತಿದ್ದೂ ಇಟ್ಟರೆ ಅದು ಆಯ್ಕೆ. ಗೊತ್ತಿಲ್ಲದೆ ಇಟ್ಟು ಆಮೇಲೆ ತಿದ್ದಿಸಲು ಹೋದರೆ ವರ್ಷಗಟ್ಟಲೆ ಅಲೆದಾಟ.

ಸಾಮಾನ್ಯವಾಗಿ ಮನೆಯವರೆಲ್ಲ ಅರ್ಥ ಹುಡುಕುವುದರಲ್ಲೇ ತಿಂಗಳು ಕಳೆಯುತ್ತಾರೆ. ಹೆಸರು ಕೆಡುವುದು ಮಾತ್ರ ಹೆಚ್ಚಾಗಿ ಬೇರೆ ಕಡೆ: ಕೊನೆಯ ಸ್ವರದಲ್ಲಿ, ಲಿಪಿ ಬದಲಾಗುವಾಗ, ಅರ್ಜಿ ತುಂಬುವವರ ಕೀಲಿಮಣೆಯಲ್ಲಿ. ಅದಕ್ಕೇ ಇಲ್ಲಿ ಮೊದಲ ಜಾಗ ಕಿವಿಗೆ, ಆಮೇಲೆ ಲಿಪಿಗೆ, ಅರ್ಥಕ್ಕೆ ಅದರ ನಂತರ.

ಮೊದಲು ಭಾಷೆಗಳನ್ನು ಆರಿಸಿಕೊಳ್ಳಿ

ಎಲ್ಲ ಭಾಷೆಗೂ ಹೊಂದುವ ಹೆಸರು ಎಂಬುದು ಇಲ್ಲ, ಅದನ್ನು ಹುಡುಕಲೂ ಬೇಡಿ. ಮಗುವನ್ನು ದಿನಾ ಯಾರು ಕೂಗುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅಜ್ಜಿ-ತಾತ, ಸೋದರಮಾವನ ಮನೆ, ಅಕ್ಕಪಕ್ಕದವರು, ಅಂಗನವಾಡಿ, ಶಾಲೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯಾದರೆ ಮನೆಮಾತು ತೆಲುಗು, ಶಾಲೆ ಕನ್ನಡ. ಕೆಜಿಎಫ್, ಬಂಗಾರಪೇಟೆಯಾದರೆ ತಮಿಳು ಬಂದೇ ಬರುತ್ತದೆ. ಕೋಲಾರ ಪಟ್ಟಣದಲ್ಲಿ ಉರ್ದು ಮೊಹಲ್ಲಾ ದೂರವಿಲ್ಲ. ಅಪ್ಪನೋ ಅಮ್ಮನೋ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಾದರೆ ನಾಳೆ ಮನೆ ಅಲ್ಲಿಗೇ ಹೋಗಬಹುದು, ಆಗ ಹಿಂದಿಯೂ ಸೇರುತ್ತದೆ. ಇಂಗ್ಲಿಷ್ ಎಲ್ಲರಿಗೂ ಇದ್ದದ್ದೇ.

ಪಟ್ಟಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಭಾಷೆ ಇಟ್ಟುಕೊಳ್ಳಬೇಡಿ. ಪ್ರತಿ ಭಾಷೆಗೂ ಅದನ್ನು ಹುಟ್ಟಿನಿಂದ ಮಾತಾಡುವ ಒಬ್ಬರನ್ನು ಗುರುತು ಮಾಡಿಕೊಳ್ಳಿ, ಆದಷ್ಟೂ ವಯಸ್ಸಾದ ಹೆಂಗಸರನ್ನು. ಬೀದಿಮಾತಿನಲ್ಲಿ ಯಾವ ಪದಕ್ಕೆ ಯಾವ ಎರಡನೇ ಅರ್ಥವಿದೆ ಎಂಬುದು ನಿಘಂಟಿಗಿಂತ ಮೊದಲು ಅವರಿಗೆ ಹೊಳೆಯುತ್ತದೆ.

ಕೊನೆಯ ಸ್ವರ

ಹೆಣ್ಣುಮಕ್ಕಳ ಹೆಸರಿನಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲೇ. ಸಂಸ್ಕೃತದ ಕವಿತಾ ತೆಲುಗಿನಲ್ಲಿ ಕವಿತ ಆಗುತ್ತದೆ, ತೆಲುಗಿನಲ್ಲಿ ಸ್ತ್ರೀ ಹೆಸರಿನ ಕೊನೆಗೆ ಹ್ರಸ್ವ ಅಕಾರವೇ ರೂಢಿ. ತಮಿಳಿನಲ್ಲಿ ದೀರ್ಘ ಬರೆಯುತ್ತಾರೆ. ಕನ್ನಡದಲ್ಲಿ ಕವಿತ, ಕವಿತಾ ಎರಡೂ ನಡೆಯುತ್ತವೆ, ಕಾವ್ಯಕ್ಕೆ ಬಂದರೆ ಸೀತೆ, ರಾಧೆ, ಗಂಗೆ ಎಂಬ ಎಕಾರವೂ ಇದೆ. ಇಷ್ಟು ಬದಲಾದರೂ ದಕ್ಷಿಣದ ಭಾಷೆಗಳಲ್ಲಿ ಯಾರಿಗೂ ತೊಂದರೆಯಿಲ್ಲ, ಹೆಣ್ಣಿನ ಹೆಸರೆಂದು ತಿಳಿಯುತ್ತದೆ.

ತೊಂದರೆ ಬರುವುದು ಹಿಂದಿಯಲ್ಲಿ. ಅಲ್ಲಿ ಪದದ ಕೊನೆಯ ಹ್ರಸ್ವ ಅಕಾರವನ್ನು ಉಚ್ಚರಿಸುವುದೇ ಇಲ್ಲ. ಕನ್ನಡದ 'ಸಹನ'ವನ್ನು ಹಾಗೇ ದೇವನಾಗರಿಗೆ ಇಳಿಸಿದರೆ ಓದುವವರು 'ಸಹನ್' ಎನ್ನುತ್ತಾರೆ. 'ದಿವ್ಯ' ಎಂದು ಬರೆದರೆ ಅದು ಹೆಣ್ಣಿನ ಹೆಸರಾಗಿ ಉಳಿಯುವುದಿಲ್ಲ. ಆದ್ದರಿಂದ ಆಕಾರಾಂತ ಹೆಸರು ಇಡುವುದಾದರೆ ಜನನ ಪ್ರಮಾಣಪತ್ರದಲ್ಲಿ ಕನ್ನಡದಲ್ಲೇ ದೀರ್ಘ ಹಾಕಿಸಿ: ಸಹನಾ, ದಿವ್ಯಾ, ಕಾವ್ಯಾ. ತೆಲುಗಿನವರು ಹ್ರಸ್ವವಾಗಿ ಬರೆದುಕೊಳ್ಳಲಿ, ನಷ್ಟವಿಲ್ಲ. ಹೆಣ್ಣುಮಗುವಿನ ಹೆಸರಿನಲ್ಲಿ ಅಕ್ಷರಗಳ ಸಂಖ್ಯೆ ಬೆಸವಾಗಿರಬೇಕು, ಕೊನೆಯಲ್ಲಿ ಆಕಾರ ಇರಬೇಕು ಎಂದು ಮನೆಯ ಸಂಸ್ಕಾರಗಳನ್ನು ವಿವರಿಸುವ ಹಳೆಯ ಸಂಸ್ಕೃತ ಗ್ರಂಥ ಪಾರಸ್ಕರ ಗೃಹ್ಯಸೂತ್ರವೂ ಹೇಳುತ್ತದೆ. ಸಂಪ್ರದಾಯ ನೋಡುವವರಿಗೆ ಈ ದೀರ್ಘ ಒಪ್ಪಿಗೆಯಾಗುತ್ತದೆ.

ಎಕಾರಾಂತದ ಕನ್ನಡ ಹೆಸರುಗಳು ಕಿವಿಗೆ ಬಹಳ ಇಂಪು. ಮಲ್ಲಿಗೆ, ಸಂಪಿಗೆ, ಭೂಮಿಕೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಕೊನೆಗೆ ಜಿ, ಇ ಬಂದಾಗ ಗೊತ್ತಿಲ್ಲದವರು ಕಾಲೇಜ್ ಎಂದು ಓದಿದ ಹಾಗೆ 'ಮಲ್ಲಿಜ್' ಎಂದು ಓದಿಬಿಡುತ್ತಾರೆ. ಇಂಥ ಹೆಸರು ಇಷ್ಟವಾದರೆ ಮನೆಯಲ್ಲಿ ಮಲ್ಲಿಗೆ ಎಂದೇ ಕರೆಯಿರಿ, ಕಾಗದಕ್ಕೆ ಮಲ್ಲಿಕಾ ಇರಲಿ.

ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಇಕಾರಾಂತ, ಅದರಲ್ಲೂ 'ನಿ'ಯಿಂದ ಮುಗಿಯುವ ಹೆಸರುಗಳು: ಮಾಲಿನಿ, ರಂಜನಿ, ಯಾಮಿನಿ, ನಂದಿನಿ, ತೇಜಸ್ವಿನಿ. ಯಾವ ಭಾಷೆಯಲ್ಲೂ ಆ ಇ ಬಿದ್ದುಹೋಗುವುದಿಲ್ಲ, ಹೆಣ್ಣೋ ಗಂಡೋ ಎಂಬ ಅನುಮಾನವೂ ಬರುವುದಿಲ್ಲ. ಬರೀ ಇಕಾರ ಮಾತ್ರ ಸಾಲದು. ತೇಜಸ್ವಿ ಎಂದರೆ ಕನ್ನಡದವರಿಗೆ ಗಂಡಸಿನ ಹೆಸರೇ ಮೊದಲು ನೆನಪಾಗುತ್ತದೆ, ತೆಲುಗಿನಲ್ಲಿ ಅದು ಹೆಣ್ಣುಮಕ್ಕಳಿಗೂ ಇದೆ. ಶಶಿ, ಕಿರಣ್ ಎರಡೂ ಕಡೆ ಓಡಾಡುವ ಹೆಸರು. ಜ್ಯೋತಿ ಇಲ್ಲಿ ಹೆಣ್ಣು, ಬಂಗಾಳದಲ್ಲಿ ಗಂಡಸು, ಅಲ್ಲಿ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರ ಹಾಗೆ. ಮುತ್ತು ತಮಿಳಿನಲ್ಲಿ ಗಂಡುಮಕ್ಕಳ ಹೆಸರು.

ವ್ಯಂಜನದಲ್ಲಿ ಮುಗಿಯುವ ಹೆಸರಿಗೆ ಕನ್ನಡವೂ ತೆಲುಗೂ ತಾವಾಗಿಯೇ ಒಂದು ಉಕಾರ ಸೇರಿಸಿಕೊಳ್ಳುತ್ತವೆ. ಉರ್ದುವಿನಲ್ಲಿ ಬೆಳಕು ಎಂಬ ಅರ್ಥದ ನೂರ್ ಹಳ್ಳಿಯ ಬಾಯಿಗೆ ಬಂದರೆ ನೂರು ಆಗುತ್ತದೆ. ನೂರು ಎಂದರೆ ಶತ, ಬಾಧಕವಿಲ್ಲ, ಶುಭವೇ. ಆದರೆ ಹೀಗಾಗುತ್ತದೆ ಎಂದು ಮೊದಲೇ ತಿಳಿದಿರಲಿ.

ತಮಿಳು ಲಿಪಿ ಏನು ಮಾಡುತ್ತದೆ

ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ತ, ಥ, ದ, ಧಕ್ಕೂ ಹಾಗೇ, ಪ, ಫ, ಬ, ಭಕ್ಕೂ ಹಾಗೇ. ಭಾವನಾ, ಪಾವನಾ ಎರಡನ್ನೂ ತಮಿಳಿನಲ್ಲಿ ಬರೆದರೆ ಒಂದೇ ರೂಪ. ಓದುವವರು ಊಹಿಸಿ ಓದಬೇಕು. ಕೆಜಿಎಫ್ ಕಡೆ ಮಗು ಬೆಳೆಯುವುದಾದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಊಹೆಗೆ ಒಂದು ಕ್ರಮವಿದೆ, ಅದು ಗೊತ್ತಿದ್ದರೆ ಹೆಸರು ಆರಿಸುವುದು ಸುಲಭ. ಪದದ ಮೊದಲಲ್ಲಿ ಆ ಅಕ್ಷರ ಬಂದರೆ ಗಟ್ಟಿ ಉಚ್ಚಾರ: ಕ, ತ, ಪ. ಎರಡು ಸ್ವರಗಳ ನಡುವೆ ಒಂಟಿಯಾಗಿ ಬಂದರೆ ಮೆದುವಾಗುತ್ತದೆ, ಮಲ್ಲಿಕಾ ಹೋಗಿ ಮಲ್ಲಿಗಾ ಆಗುವುದು ಇದರಿಂದ. ಒತ್ತಕ್ಷರವಾದರೆ ಗಟ್ಟಿಯಾಗಿಯೇ ಉಳಿಯುತ್ತದೆ. ಅನುನಾಸಿಕದ ಪಕ್ಕದಲ್ಲಿ ಬಂದರೆ ತಾನಾಗಿಯೇ ಗ, ದ, ಬ ಆಗುತ್ತದೆ. ಹಾಗಾಗಿ ನಂದಿನಿ, ಮಂಗಳಾ, ರಂಜನಿ ಇಂಥವನ್ನು ತಮಿಳಿನವರು ಯಾರೂ ಹೇಳಿಕೊಡದೆ ಸರಿಯಾಗಿ ಓದುತ್ತಾರೆ. ಭವ್ಯಾ, ಧನ್ಯಾ, ಗಾನವಿ ಇಂಥವನ್ನು ಹೇಳಿಕೊಟ್ಟರೆ ಮಾತ್ರ. ಜ, ಷ, ಸ, ಹಗಳಿಗೆ ತಮಿಳಿನಲ್ಲಿ ಗ್ರಂಥಾಕ್ಷರ ಎಂಬ ಬೇರೆ ಅಕ್ಷರಗಳಿವೆ, ಹೆಸರು ಬರೆಯುವಾಗ ಅವನ್ನೇ ಬಳಸುವಂತೆ ಹೇಳಿ.

ಮ, ನ, ಯ, ರ, ಲ, ವ ಇಷ್ಟೇ ವ್ಯಂಜನಗಳಿಂದ ಕಟ್ಟಿದ ಹೆಸರಿನ ವ್ಯಂಜನಗಳು ಎಲ್ಲ ಲಿಪಿಯಲ್ಲೂ ಕೆಡದೆ ಉಳಿಯುತ್ತವೆ. ಮಾಲಿನಿ, ಯಾಮಿನಿ, ನಳಿನಿಗೆ ಬದಲು ನಲಿನಿ, ವಿಮಲಾ, ಉಮಾ, ರಮಾ, ಲಾವಣ್ಯಕ್ಕಿಂತ ಮಾನ್ಯಾ. ಣ ಮತ್ತು ಳ ದಕ್ಷಿಣದಲ್ಲಿ ಸರಿ, ಉರ್ದು ಮತ್ತು ಇಂಗ್ಲಿಷಿನಲ್ಲಿ ಅವು ನ, ಲ ಆಗುತ್ತವೆ. ಅದು ಸಣ್ಣ ಬದಲಾವಣೆ, ಅದಕ್ಕಾಗಿ ಇಷ್ಟಪಟ್ಟ ಹೆಸರನ್ನು ಬಿಡಬೇಕಾಗಿಲ್ಲ.

ನಮ್ಮ ಹಳ್ಳಿಗಳ ಬಾಯಿಯನ್ನೂ ನೆನಪಿಡಿ. ಮಹಾಪ್ರಾಣ ಇಲ್ಲಿ ನಿಲ್ಲುವುದಿಲ್ಲ, ಭಾಗ್ಯ ಬಾಗ್ಯ ಆಗುತ್ತದೆ. ಪದದ ಮೊದಲ ಹಕಾರ ಬಿದ್ದುಹೋಗಿ ಹೇಮಾ ಏಮಾ ಆಗುತ್ತಾಳೆ. ಶಕಾರ ಸಕಾರವಾಗುತ್ತದೆ. ಖುಷಿ ಎಂದು ಇಟ್ಟವರು ಮಹಾಪ್ರಾಣ, ಶಕಾರ ಎರಡನ್ನೂ ಸೇರಿಸಿ ಯೋಚಿಸಬೇಕು, ಬಾಯಿಂದ ಬಾಯಿಗೆ ಅದು ಕುಸಿ ಆದರೆ ಕನ್ನಡದಲ್ಲಿ ಕುಸಿದು ಬೀಳುವ ಮಾತು.

ಋಕಾರ ಮತ್ತು ಜ್ಞಕಾರ ಇನ್ನೆರಡು ಕವಲುದಾರಿ. ಕೃತಿ, ಅಮೃತಾ ನಮಗೂ ತೆಲುಗಿನವರಿಗೂ ಕ್ರುತಿ, ಅಮ್ರುತಾ. ಹಿಂದಿಯವರಿಗೆ ಕ್ರಿತಿ, ಅಮ್ರಿತಾ. ಪ್ರಜ್ಞಾ ಹಿಂದಿಯಲ್ಲಿ ಪ್ರಗ್ಯಾ, ಮರಾಠಿಯಲ್ಲಿ ಪ್ರದ್ನ್ಯಾ. ಇಂಥ ಹೆಸರಿಟ್ಟರೆ ಇಂಗ್ಲಿಷ್ ಕಾಗುಣಿತ ಯಾವುದೆಂದು ಜೀವನಪೂರ್ತಿ ಹೇಳುತ್ತಿರಬೇಕಾಗುತ್ತದೆ.

ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಉರ್ದುವಿಗೆ

ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ದೀರ್ಘ ಈ ಮತ್ತು ಏ ಪದದ ನಡುವೆ ಒಂದೇ ತೆರ ಕಾಣುತ್ತವೆ. ಮೀರಾ ಎಂದು ಬರೆದರೆ ಮೇರಾ, ಅಂದರೆ 'ನನ್ನದು' ಎಂದೂ ಓದಬಹುದು. ಸುಮನ್ ಎಂದು ಬರೆದದ್ದನ್ನು ಸಮನ್ ಎಂದೂ ಓದಬಹುದು. ದೀರ್ಘ ಆಕಾರ ಹೆಚ್ಚಿರುವ ಹೆಸರು, ತಾರಾ, ಮಾಲಾ ಇಂಥವು, ಅಲ್ಲಿ ಸ್ಪಷ್ಟ.

ಉರ್ದು ಮನೆಯವರು ಹೆಸರಿಡುವಾಗ ಕನ್ನಡ ಶಾಲೆಯ ಹಾಜರಿ ಪುಸ್ತಕವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಹಿನಾ ಎಂದರೆ ಗೋರಂಟಿ, ಮದುವೆಮನೆಯ ಕೆಂಪು. ಇಂಗ್ಲಿಷಿನಲ್ಲಿ ಎರಡು ಇ ಹಾಕಿಸಿದರೆ ಕನ್ನಡಕ್ಕೆ ಇಳಿಸುವವರು ಹೀನಾ ಎಂದು ಬರೆಯುತ್ತಾರೆ, ಹೀನ ಎಂದರೆ ಕನ್ನಡದಲ್ಲಿ ಕೀಳು. ಪ್ರಮಾಣಪತ್ರದ ಅರ್ಜಿಯಲ್ಲಿ ಕನ್ನಡದ ಹ್ರಸ್ವ 'ಹಿ' ನೀವೇ ಬರೆದುಕೊಟ್ಟರೆ ತೊಂದರೆ ತಪ್ಪಿತು. ಜ಼ಾರಾ ಎಂಬುದಕ್ಕೆ ಚುಕ್ಕೆ ಬಿಟ್ಟರೆ ಜಾರಾ, ಅದರ ಅರ್ಥ ಕನ್ನಡದಲ್ಲಿ ಹೇಳುವಂಥದ್ದಲ್ಲ. ಕನ್ನಡದ ಬರಹದಲ್ಲಿ ಆ ಚುಕ್ಕೆ ಬಹಳ ಕಡೆ ಉಳಿಯುವುದೇ ಇಲ್ಲ, ಆದ್ದರಿಂದ ಆ ಹೆಸರನ್ನು ಬಿಡುವುದೇ ಒಳ್ಳೆಯದು. ಕನ್ನಡದ ಮನೆಯವರು ಇಡುವ ರಿಯಾ ಅರಬ್ಬಿಯಲ್ಲಿ ತೋರಿಕೆಯ ಭಕ್ತಿಗೆ ಇರುವ ಪದ, ಧರ್ಮ ತಿಳಿದ ಮುಸ್ಲಿಂ ನೆರೆಯವರಿಗೆ ಅದು ಚುಚ್ಚುತ್ತದೆ.

ಎರಡೂ ಕಡೆ ಒಳ್ಳೆಯ ಅರ್ಥ ಇರುವ ಹೆಸರುಗಳೂ ಇವೆ, ಹುಡುಕಿದರೆ ಸಿಗುತ್ತವೆ. ಸಮೀರಾ ಸಂಸ್ಕೃತದಿಂದ ಬಂದರೆ ತಂಗಾಳಿ, ಅರಬ್ಬಿಯಿಂದ ಬಂದರೆ ರಾತ್ರಿ ಮಾತಿಗೆ ಜೊತೆಯಾಗುವವಳು. ಮೀನಾ ನಮಗೆ ಮೀನು, ಮೀನಾಕ್ಷಿ. ಪಾರ್ಸಿಯಲ್ಲಿ ಲೋಹದ ಮೇಲೆ ಮಾಡುವ ಬಣ್ಣದ ಕುಸುರಿ. ತಾರಾ ಎರಡು ಕಡೆಯೂ ನಕ್ಷತ್ರ. ಅಪ್ಪ ಅಮ್ಮನ ಮನೆಮಾತು ಬೇರೆ ಬೇರೆಯಾದ ಮನೆಗಳಿಗೆ ಇಂಥ ಹೆಸರಿಗಿಂತ ಒಳ್ಳೆಯ ಉಡುಗೊರೆ ಇಲ್ಲ.

ಅರ್ಥ ಎಲ್ಲಿ ಕೈಕೊಡುತ್ತದೆ

ಚಾರು ಎಂದರೆ ಚೆಲುವು. ತೆಲುಗಿನಲ್ಲಿ ಚಾರು ಎಂದರೆ ಸಾರು, ಅನ್ನಕ್ಕೆ ಹಾಕಿಕೊಳ್ಳುವುದು. ಚಾರುಲತಾ ಎಂದು ಪೂರ್ತಿ ಕರೆದರೆ ಸರಿ, ಮೊಟಕಾದರೆ ಊಟದ ಹೊತ್ತಿಗೆ ದಿನಾ ಹಾಸ್ಯ. ನೈನಾ ಹಿಂದಿಯಲ್ಲಿ ಕಣ್ಣು. ತೆಲುಗು ಮನೆಗಳಲ್ಲಿ ಅಪ್ಪನನ್ನು ನಾಯ್ನಾ, ನೈನಾ ಎಂದೇ ಕರೆಯುವುದು, ಮಗಳನ್ನು ಕೂಗಿದರೆ ಅಪ್ಪ ಓಗೊಟ್ಟಾನು. ಸಾರಾ ಬೈಬಲಿನ ಹಳೆಯ ಹೆಸರು, ಮುಸ್ಲಿಮರಲ್ಲೂ ಕ್ರೈಸ್ತರಲ್ಲೂ ಇದೆ, ಕನ್ನಡದಲ್ಲಿ ಸಾರ ಎಂದರೆ ತಿರುಳು. ತೆಲುಗಿನಲ್ಲಿ ಮಾತ್ರ ಸಾರಾ ಎಂದರೆ ಸಾರಾಯಿ. ನೆಲ್ಲೂರು ಕಡೆ 1990ರ ದಶಕದ ಮೊದಲಲ್ಲಿ ಹೆಂಗಸರು ನಡೆಸಿದ ಮದ್ಯವಿರೋಧಿ ಚಳವಳಿಯನ್ನೂ ಅಲ್ಲಿ ಸಾರಾ ವಿರುದ್ಧದ ಹೋರಾಟವೆಂದೇ ಕರೆಯುತ್ತಾರೆ. ನೀರಾ ಎಂದರೆ ನಮ್ಮಲ್ಲಿ ಮರದಿಂದ ಇಳಿಸುವ ಪಾನೀಯ. ಬಾಲಾ ಎಂದರೆ ಎಳೆಯ ಹುಡುಗಿ, ಕನ್ನಡದ ಬಾಲವೂ ಹೌದು. ಕಲಾ ಎಂಬುದನ್ನು ಇಂಗ್ಲಿಷಿನಲ್ಲಿ ಕೆ, ಎ, ಎಲ್, ಎ ಎಂದು ಬರೆದರೆ ಹಿಂದಿಯವರ ಕಣ್ಣಿಗೆ ಕಾಲಾ, ಕಪ್ಪು. ಹರ್ಷಿತಾ ಎಂಬ ಒಳ್ಳೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಒಂದು ಬಯ್ಗುಳ ಅಡಗಿ ಕೂತಿರುತ್ತದೆ, ಹೊರದೇಶದ ತರಗತಿಯಲ್ಲಿ ಮಕ್ಕಳು ಅದನ್ನು ಹುಡುಕದೆ ಬಿಡುವುದಿಲ್ಲ.

ಚಿನ್ನದ ಊರಾದ್ದರಿಂದ ಚಿನ್ನಮ್ಮ ಎಂಬ ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಅದು ಬಂಗಾರದಂಥವಳು. ತೆಲುಗು, ತಮಿಳಿನಲ್ಲಿ ಚಿನ್ನ ಎಂದರೆ ಚಿಕ್ಕದು, ಚಿನ್ನಮ್ಮ ಎಂದರೆ ಚಿಕ್ಕಮ್ಮ. ಹಸುಗೂಸನ್ನು ಚಿಕ್ಕಮ್ಮ ಎಂದು ಕರೆಯುವುದು ಯಾರಿಗೂ ನೋವಾಗುವ ಮಾತಲ್ಲ, ಆದರೂ ಅಜ್ಜಿಗೆ ಗೊತ್ತಿರಲಿ.

ನಂದಿನಿ ಬಗ್ಗೆಯೂ ಕೇಳುತ್ತಾರೆ. ಸದ್ದಿನ ಮಟ್ಟಿಗೆ ಅದಕ್ಕಿಂತ ಭದ್ರವಾದ ಹೆಸರು ಸಿಗುವುದು ಕಷ್ಟ. ಕರ್ನಾಟಕದಲ್ಲಿ ಹಾಲಿನ ಪ್ಯಾಕೆಟ್ಟಿನ ಹೆಸರೂ ಅದೇ. ಮನೆಮನೆಯಲ್ಲೂ ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಜಿಲ್ಲೆಯಲ್ಲಿ ಅದು ಅವಮಾನವಲ್ಲ, ಧೈರ್ಯವಾಗಿ ಇಡಿ.

ಅರ್ಥ ನೋಡಲು ಹೆಸರುಗಳ ಪಟ್ಟಿ ಕೊಡುವ ಜಾಲತಾಣಗಳನ್ನು ನಂಬಬೇಡಿ. ಎಲ್ಲ ಹೊಸ ಹೆಸರಿಗೂ ಅಲ್ಲಿ ಲಕ್ಷ್ಮಿ, ಪಾರ್ವತಿ ಎಂದೇ ಅರ್ಥ ಬರೆದಿರುತ್ತದೆ. ಕನ್ನಡಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನೋಡಿ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಫೋನಿನಲ್ಲೇ ಆಗಬೇಕೆಂದರೆ ಅಲರ್ ನಿಘಂಟು ಇದೆ. ಬ್ರೌನ್‌ನ ತೆಲುಗು ನಿಘಂಟು, ಮದರಾಸು ವಿಶ್ವವಿದ್ಯಾಲಯದ ತಮಿಳು ನಿಘಂಟು, ಪ್ಲಾಟ್ಸ್‌ನ ಉರ್ದು ನಿಘಂಟು ಮೂರೂ ಷಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿ ಹಣವಿಲ್ಲದೆ ನೋಡಲು ಸಿಗುತ್ತವೆ.

ಒಂದು ಹೆಸರನ್ನು 'ಅವನಿ'ಯ ಹಾಗೆ ಬಿಡಿಸಿ ನೋಡುವುದು

ಅವನಿ ಈಗ ಬಹಳ ಮನೆಗಳ ಪಟ್ಟಿಯಲ್ಲಿದೆ. ಭೂಮಿ ಎಂದರ್ಥ, ಕನ್ನಡ, ತೆಲುಗು, ಹಿಂದಿ ಮೂರರಲ್ಲೂ. ಅಕ್ಷರಗಳೂ ಸುಲಭ. ಇನ್ನೇನು ಬೇಕು ಎನಿಸುತ್ತದೆ. ಈಗ ಒಂದೊಂದಾಗಿ ನೋಡಿ.

ಇಂಗ್ಲಿಷ್ ಅಕ್ಷರದಲ್ಲಿ ಅವನಿಗೂ ಆವಣಿಗೂ ವ್ಯತ್ಯಾಸವಿಲ್ಲ. ಆವಣಿ ಮುಳಬಾಗಿಲು ತಾಲ್ಲೂಕಿನ ಕ್ಷೇತ್ರ, ಸೀತೆ ಲವಕುಶರನ್ನು ಹೆತ್ತ ಜಾಗವೆಂದು ಜನರ ನಂಬಿಕೆ, ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ. ಈ ಕಡೆಯವರು ಆ ಅಕ್ಷರ ನೋಡಿದರೆ ಊರಿನ ಹೆಸರನ್ನೇ ಓದುತ್ತಾರೆ. ತಮಿಳಿನವರು ಆವಣಿ ಮಾಸವೆಂದು ಓದುತ್ತಾರೆ, ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಬರುವ ತಿಂಗಳು. ಎರಡೂ ಒಳ್ಳೆಯ ನೆನಪುಗಳೇ. ಉರ್ದುವಿನಲ್ಲಿ ಬರೆದರೆ ಅಲಿಫ್, ವಾವ್, ನೂನ್, ಯೇ. ಅದೇ ನಾಲ್ಕು ಅಕ್ಷರ 'ಊನಿ' ಎಂದೂ ಓದಿಸಿಕೊಳ್ಳುತ್ತವೆ, ಉಣ್ಣೆಯದು ಎಂದು.

ಇಷ್ಟೂ ಸಹಿಸಬಹುದು. ನಿಜವಾದ ತೊಡಕು ಕನ್ನಡದಲ್ಲೇ ಇದೆ. ವಿಭಕ್ತಿ ಹಚ್ಚಿ ನೋಡಿ: "ಅವನಿಗೆ ಹಾಲು ಕೊಟ್ಟೆಯಾ?" ಕೇಳಿದವರಿಗೆ ಹುಡುಗನೊಬ್ಬನಿಗೆ ಹಾಲು ಕೊಟ್ಟೆಯಾ ಎಂದು ಕೇಳಿದ ಹಾಗೆ. ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಅಮ್ಮ ಅಪ್ಪ ಇದನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೋ ಬಿಡುತ್ತಾರೋ ಅವರಿಗೆ ಸೇರಿದ್ದು. ಅವನಿಜಾ ಎಂದು ಬೆಳೆಸಿದರೆ ಈ ತೊಡಕು ಕಳೆಯುತ್ತದೆ, ಅರ್ಥ ಭೂಮಿಯ ಮಗಳು ಸೀತೆ ಎಂದಾಗಿ ಆವಣಿಯ ಸೀತಮ್ಮನಿಗೂ ಹತ್ತಿರವಾಗುತ್ತದೆ.

ಪಟ್ಟಿಯಲ್ಲಿರುವ ಒಂದೊಂದು ಹೆಸರಿಗೂ ಹೀಗೇ ಮಾಡಿ. -ಗೆ, -ಳಿಗೆ, -ಯನ್ನ, -ಯಿಂದ ಹಚ್ಚಿ ದಿನದ ಮಾತು ಆಡಿ. ತೆಲುಗು ಮನೆಯಲ್ಲಿ -ಕಿ, -ನಿ ಹಚ್ಚಿ ಆಡಲು ಅತ್ತೆಗೆ ಹೇಳಿ.

ಮಲ್ಲಿಕಾ ಇದೇ ಪರೀಕ್ಷೆಯನ್ನು ಚೆನ್ನಾಗಿ ದಾಟುತ್ತದೆ. ಕನ್ನಡದ ಮಲ್ಲಿಗೆ, ತೆಲುಗಿನ ಮಲ್ಲೆ, ತಮಿಳಿನ ಮಲ್ಲಿ ಎಲ್ಲ ಒಂದೇ ಹೂವು. ಉರ್ದುವಿನವರು ಮಲಿಕಾ ಎಂದು ಕೇಳಿಸಿಕೊಂಡರೆ ರಾಣಿ. ಮೊಟಕು ಮಾಡಿದರೆ ಮಲ್ಲಿ, ತಮಿಳಿನಲ್ಲಿ ಅದು ಕೊತ್ತಂಬರಿಯೂ ಹೌದು, ಅದರಲ್ಲಿ ಯಾರಿಗೂ ಬೇಸರವಿಲ್ಲ. ಕ ಮತ್ತು ಗ ಎರಡು ಬಗೆಯ ಇಂಗ್ಲಿಷ್ ಕಾಗುಣಿತ ಆಗಬಹುದು ಎಂಬುದೊಂದೇ ಎಚ್ಚರ.

ಕೂಗಿ ನೋಡುವುದು

ಪಟ್ಟಿ ಮೂರು ಹೆಸರಿಗೆ ಇಳಿದ ಮೇಲೆ ಹೊರಗೆ ಬಂದು ಕೂಗಿ. ಹಿತ್ತಿಲಿನಿಂದ ಬೀದಿಗೆ ಕೇಳುವಷ್ಟು ದನಿಯಲ್ಲಿ. ಕೊನೆಯ ಸ್ವರ ಎಳೆಯಲು ಬರುತ್ತದೆಯೇ? "ಮಾಲಿನೀ" ಎಳೆಯಬಹುದು, "ಮಹತಿಶ್ರೀ" ಎಳೆಯುವಷ್ಟರಲ್ಲಿ ಮಗು ರಸ್ತೆ ದಾಟಿರುತ್ತದೆ. ಆಮೇಲೆ ಫೋನಿನಲ್ಲಿ ಹೇಳಿ, ಇನ್ನೊಂದು ತುದಿಯಲ್ಲಿರುವವರು ಕೇಳಿದ್ದನ್ನು ಬರೆದು ಕಳಿಸಲಿ. ನಾಲ್ಕು ಭಾಷೆಯ ನಾಲ್ಕು ಜನಕ್ಕೆ ಹೀಗೆ ಮಾಡಿದರೆ ಯಾವ ಅಕ್ಷರ ಎಲ್ಲಿ ಜಾರುತ್ತದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಮೊಟಕು ಹೆಸರನ್ನೂ ಪರೀಕ್ಷಿಸಬೇಕು, ಏಕೆಂದರೆ ಮಕ್ಕಳು ಬೆಳೆಯುವುದು ಅದರಲ್ಲೇ. ಕುಸುಮಾ ಒಳ್ಳೆಯ ಹೆಸರು. ಮುದ್ದಿಗೆ ಕುಸು ಎಂದರೆ ತಮಿಳಿನಲ್ಲಿ ಹೂಸು. ಮೊಟಕು ಏನಿರಬೇಕೆಂದು ನೀವೇ ಮೊದಲ ದಿನದಿಂದ ರೂಢಿ ಮಾಡಿ, ಇಲ್ಲದಿದ್ದರೆ ಬೀದಿ ರೂಢಿ ಮಾಡುತ್ತದೆ.

ನಕ್ಷತ್ರದ ಅಕ್ಷರ ನೋಡುವವರಿಗೆ: 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ರೋಹಿಣಿಗೆ ಒ, ವ, ವಿ, ವು ಬರುತ್ತದೆ, ಹೆಸರು ಸುಲಭವಾಗಿ ಸಿಗುತ್ತದೆ. ಆರಿದ್ರೆಗೆ ಕು, ಘ, ಙ, ಛ. ಙಕಾರದಿಂದ ಯಾವ ಹೆಸರೂ ಶುರುವಾಗುವುದಿಲ್ಲ, ಘಕಾರದ್ದು ಇಟ್ಟರೂ ತಮಿಳು ಲಿಪಿಯಲ್ಲಿ ಕಕಾರವೇ. ಇದಕ್ಕೆ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ನಕ್ಷತ್ರನಾಮವನ್ನು ತೊಟ್ಟಿಲ ಶಾಸ್ತ್ರದ ದಿನ ಕಿವಿಯಲ್ಲಿ ಹೇಳಿ, ಪೂಜೆ ಸಂಕಲ್ಪಕ್ಕೆ ಇಟ್ಟುಕೊಳ್ಳಿ. ವ್ಯವಹಾರನಾಮ ಬೇರೆ ಇರಲಿ. ಅಕ್ಷರಕ್ಕೆ ಕಟ್ಟುಬಿದ್ದು ಬಾಯಿಗೆ ಬಾರದ ಹೆಸರನ್ನು ಮಗುವಿನ ಮೇಲೆ ಹೊರಿಸಬೇಡಿ.

ಕಾಗದದ ಕೆಲಸ

ಹೆಸರು ನಿಶ್ಚಯವಾದ ದಿನವೇ ಒಂದು ಬಿಳಿ ಹಾಳೆಯಲ್ಲಿ ಅದನ್ನು ಕನ್ನಡದಲ್ಲಿ, ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಿಮಗೆ ಬೇಕಾದ ಮತ್ತೆರಡು ಲಿಪಿಯಲ್ಲಿ ಬರೆಯಿರಿ. ಬರೆದು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಇನ್ನು ಮುಂದೆ ಯಾವ ಕಚೇರಿಯಲ್ಲೂ ಬಾಯಲ್ಲಿ ಹೇಳಬೇಡಿ, ಹಾಳೆ ತೋರಿಸಿ.

ಇಂಗ್ಲಿಷ್ ಕಾಗುಣಿತದಲ್ಲಿ ದೊಡ್ಡ ಪ್ರಶ್ನೆ ತಕಾರದ್ದು. ದಕ್ಷಿಣದಲ್ಲಿ ತಕಾರಕ್ಕೆ ಟಿ ಮತ್ತು ಎಚ್ ಎರಡೂ ಹಾಕುತ್ತೇವೆ, ಬರೀ ಟಿ ಇದ್ದರೆ ಟಕಾರ. ಉತ್ತರದಲ್ಲಿ ತಕಾರಕ್ಕೆ ಟಿ ಒಂದೇ ಸಾಕು. ಸ್ವಾತಿ, ಲತಾ, ಕವಿತಾ ಎಲ್ಲಕ್ಕೂ ಈ ಇಬ್ಬಗೆ ಇದೆ. ಯಾವುದಾದರೂ ಸರಿ, ಆದರೆ ಒಂದೇ ಇರಲಿ. ತಕಾರವೇ ಇಲ್ಲದ ಹೆಸರಾದರೆ ಈ ಚಿಂತೆಯೇ ಇಲ್ಲ. ಸಂಖ್ಯಾಶಾಸ್ತ್ರಕ್ಕೆಂದು ಹೆಚ್ಚುವರಿ ಎ, ಎಚ್ ಸೇರಿಸಿದ ಹೆಸರುಗಳು ಕಚೇರಿಯಿಂದ ಕಚೇರಿಗೆ ಬದಲಾಗುತ್ತವೆ. ತಪ್ಪು ಎಂದು ಭಾವಿಸಿ ಒಬ್ಬರು ತೆಗೆಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ.

ಜನನ ನೋಂದಣಿ 21 ದಿನದೊಳಗೆ ಆಗಬೇಕು. ಹೆಸರು ನಿಶ್ಚಯವಾಗಿಲ್ಲವೆಂದು ನೋಂದಣಿ ತಡ ಮಾಡಬೇಡಿ, ಹೆಸರಿಲ್ಲದೆಯೂ ನೋಂದಾಯಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು. ಆಸ್ಪತ್ರೆಯ ಮಂಚದ ಮೇಲೆ ಅವಸರದಲ್ಲಿ ಒಂದು ಹೆಸರು ಬರೆಸುವುದಕ್ಕಿಂತ ಆ ಸಾಲು ಖಾಲಿ ಬಿಡುವುದು ಲೇಸು. ಒಮ್ಮೆ ಬರೆಸಿದ ಮೇಲೆ ಮನಸ್ಸು ಬದಲಾಯಿತೆಂದು ತಿದ್ದಿಸುವುದು ಸುಲಭವಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಇರುವುದು ತಪ್ಪಾಗಿ ದಾಖಲಾದದ್ದನ್ನು ಸರಿಪಡಿಸಲು. 2023ರ ಅಕ್ಟೋಬರ್ 1ರಿಂದ ತಿದ್ದುಪಡಿ ಜಾರಿಗೆ ಬಂದಿದೆ. ಆ ದಿನದಿಂದ ಈಚೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಈ ಒಂದು ಪ್ರಮಾಣಪತ್ರವೇ. ಹಾಗಾಗಿ ಇದರಲ್ಲಿ ಬರೆದ ಅಕ್ಷರವೇ ಮುಂದಿನ ಎಲ್ಲದಕ್ಕೂ ಮೂಲ.

ಇನಿಷಿಯಲ್ ವಿಷಯ ಇಲ್ಲೇ ಮುಗಿಸಿಕೊಳ್ಳಿ. ತೆಲುಗು ಮನೆಯಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಮೊದಲು ಬರುತ್ತದೆ, ತಮಿಳಿನಲ್ಲಿ ತಂದೆಯ ಇನಿಷಿಯಲ್ ಮುಂದೆ, ಕನ್ನಡದಲ್ಲಿ ಹಿಂದೆ ಮುಂದೆ ಎರಡೂ ಇದೆ, ಉರ್ದು ಮನೆಯಲ್ಲಿ ಬಾನು, ಬೇಗಂ, ಫಾತಿಮಾ ಎಂಬ ಎರಡನೇ ಪದ. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಒಂದೇ ಪದದ ಹೆಸರಾದರೆ ಅಮೆರಿಕದ ವೀಸಾದಲ್ಲಿ 'ಮೊದಲ ಹೆಸರು ಗೊತ್ತಿಲ್ಲ' ಎಂಬುದರ ಮೂರಕ್ಷರ ಹೆಸರಿನ ಜಾಗದಲ್ಲಿ ಕೂರುತ್ತದೆ. ಮಗುವಿನ ಹೆಸರು ಒಂದು ಪದ, ಅದರ ನಂತರ ಅಪ್ಪನದೋ ಅಮ್ಮನದೋ ಪೂರ್ತಿ ಹೆಸರು ಎರಡನೇ ಪದ, ಹೀಗೆ ಜನನ ಪ್ರಮಾಣಪತ್ರದಲ್ಲೇ ಹಾಕಿಸಿದರೆ ಮುಂದೆ ಸರ್‌ನೇಮ್ ಎಂಬ ಚೌಕ ಖಾಲಿ ಉಳಿಯುವುದಿಲ್ಲ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಇಡೀ ಹೆಸರಿಗೆ ಸಿಗುವುದು 39 ಸ್ಥಾನ, ಪದಗಳ ನಡುವಿನ ಗುರುತೂ ಅದರಲ್ಲೇ ಸೇರಬೇಕು. ಮೂರು ಪದ ದಾಟಿಸಬೇಡಿ.

ಆಧಾರ್ ಮಾಡಿಸುವಾಗ ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ್ದನ್ನು ಕಂಪ್ಯೂಟರೇ ಕನ್ನಡಕ್ಕೆ ಇಳಿಸುತ್ತದೆ. ಹಿನಾ ಹೀನಾ ಆಗುವುದು, ಲತಾ ಲಟಾ ಆಗುವುದು, ಮಂಜುಳಾ ಮಂಜುಲಾ ಆಗುವುದು ಆ ಗಳಿಗೆಯಲ್ಲೇ. ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ಕನ್ನಡದ ಸಾಲನ್ನು ಅಕ್ಷರ ಅಕ್ಷರ ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ, ಆಮೇಲೆ ಒಪ್ಪಿಗೆ ಕೊಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಐದಕ್ಕೆ ಮತ್ತು ಹದಿನೈದಕ್ಕೆ ಬೆರಳಗುರುತು ನವೀಕರಿಸಲು ಹೇಗೂ ಹೋಗಬೇಕು, ಆಗಲೂ ಹೆಸರಿನ ಸಾಲು ನೋಡಿ ಬನ್ನಿ.

ಒಂದನೇ ತರಗತಿಗೆ ಸೇರಿಸುವ ದಿನ ಅರ್ಜಿಯ ಜೊತೆ ಅದೇ ಹಾಳೆಯ ನಕಲು ಕೊಡಿ. ದಾಖಲಾತಿ ಪುಸ್ತಕದಲ್ಲಿ ಬರೆದಾದ ಮೇಲೆ ಒಮ್ಮೆ ಕೇಳಿ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಶಾಲೆಯ ದಾಖಲೆಯಲ್ಲಿರುವ ಅಕ್ಷರ. ಪರೀಕ್ಷೆಗೆ ಮೊದಲು ಶಾಲೆಯಲ್ಲಿ ಹೆಸರಿನ ಪಟ್ಟಿಗೆ ಸಹಿ ಹಾಕಿಸಿಕೊಳ್ಳುವಾಗ ಮಗಳು ಕನ್ನಡ ಸಾಲನ್ನೂ ಇಂಗ್ಲಿಷ್ ಸಾಲನ್ನೂ ಓದಿದ ಮೇಲೆಯೇ ಸಹಿ ಹಾಕಲಿ.